₹1,200ರ ಅರೋರಾ ಲ್ಯಾಂಪ್: ನಿಯಾನ್ ಬೋರ್ಡ್ ಮಾಡಿದವನ ಲೆಕ್ಕದಲ್ಲಿ

ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕುಣಿಯುವ ಬಣ್ಣದ ಬೆಳಕಿದೆಯಲ್ಲ, ಅರೋರಾ, ಅದರ ಥರ ಬೆಳಕನ್ನು ರೂಮಿನ ಮೇಲ್ಗಡೆ ಬಿಡುವ ದೀಪ ಇದು. ಮೊದಲೇ ಹೇಳಿಬಿಡುತ್ತೇನೆ, ಐದಕ್ಕೆ ಮೂರು ಸ್ಟಾರ್. ಮಕ್ಕಳ ರೂಮಿಗೆ ಚೆಂದ, ಕರೆಂಟೂ ಜಾಸ್ತಿ ತಿನ್ನಲ್ಲ. ಆದರೆ ಡಬ್ಬಿ ಮೇಲೆ 'ಅಸಲಿ ಅರೋರಾ ನಿಮ್ಮ ಮನೆಯಲ್ಲೇ' ಅನ್ನೋ ಅರ್ಥದಲ್ಲಿ ಇಂಗ್ಲಿಷಿನಲ್ಲಿ ಬರೆದಿದ್ದಾರಲ್ಲ, ಅದನ್ನು ನಂಬಿ ತಂದರೆ ಉಳಿದ ಎರಡು ಸ್ಟಾರ್ ಎಲ್ಲಿ ಹೋದವು ಅಂತ ನಿಮಗೇ ಗೊತ್ತಾಗುತ್ತದೆ.

ತಂದದ್ದು ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಿಂದ. ಅಂಗಡಿ ಹೆಸರು ಬೇಡ. ಲ್ಯಾಂಪಿಗಂತೂ ಹೆಸರೇ ಇಲ್ಲ, ಇದೇ ಮಾಲು ಹತ್ತು ಹೆಸರಿನ ಡಬ್ಬಿಯಲ್ಲಿ ಸಿಗುತ್ತದೆ. ಬಿಳಿ ಪ್ಲಾಸ್ಟಿಕ್ ಗುಂಡು, ಹೆಚ್ಚುಕಡಿಮೆ ತೆಂಗಿನಕಾಯಿ ಗಾತ್ರ, ಮೇಲೊಂದು ಗಾಜಿನ ಕಣ್ಣು, ಒಳಗೆ ಬ್ಲೂಟೂತ್ ಸ್ಪೀಕರ್, ಜೊತೆಗೊಂದು ರಿಮೋಟ್. ಅಂಗಡಿಯವ 1,500 ಅಂದ, 1,200ಕ್ಕೆ ಇಳಿದ. ಗ್ಯಾರಂಟಿ ಕೇಳಿದೆ. "ಚೈನಾ ಮಾಲಿಗಿ ಗ್ಯಾರಂಟಿ ಎಲ್ಲಿಂದ ಕೊಡ್ಲಿ ಸಾಹೇಬ್ರ, ಇಲ್ಲೇ ಹಚ್ಚಿ ತೋರಿಸ್ತೀನಿ, ನೋಡಿ ಒಯ್ರಿ" ಅಂದ. ಹಚ್ಚಿಯೂ ತೋರಿಸಿದ. ಮಧ್ಯಾಹ್ನ ಹನ್ನೆರಡರ ಬಿಸಿಲಲ್ಲಿ ಏನು ಕಾಣುತ್ತದೆ, ನೀವೇ ಹೇಳಿ.

ತಂದದ್ದು ಮಗಳ ಕಾಟಕ್ಕೆ. 2024ರ ಮೇ 10ರ ರಾತ್ರಿ ದೊಡ್ಡ ಸೌರ ಬಿರುಗಾಳಿ ಬಂದಿತ್ತಲ್ಲ, ಆಗ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾದ ಫೋಟೊ ಎಲ್ಲರ ಮೊಬೈಲಿಗೂ ಬಂತು. ಅಂದಿನಿಂದ ಇವಳಿಗೆ ಅರೋರಾ ಹುಚ್ಚು. ನಾರ್ವೆಗೆ ಕರೆದುಕೊಂಡು ಹೋಗು ಅನ್ನುತ್ತಿದ್ದಳು. ನಾರ್ವೆಗಿಂತ ಸೂಪರ್ ಮಾರ್ಕೆಟ್ ಹತ್ತಿರ.

ಈಗ ನಾನ್ಯಾಕೆ ಈ ದೀಪದ ಬಗ್ಗೆ ಇಷ್ಟು ತಲೆ ಕೆಡಿಸಿಕೊಂಡೆ ಅಂದರೆ, ನನ್ನ ಕಸುಬೇ ಬೆಳಕಿನದು. ಇವತ್ತು ಅಂಗಡಿಗಳಿಗೆ ಎಲ್‌ಇಡಿ ಬೋರ್ಡ್ ಮಾಡಿಕೊಡುತ್ತೇನೆ. ಅದಕ್ಕೂ ಮೊದಲು, ತೊಂಬತ್ತರ ದಶಕದಲ್ಲಿ, ಹೈದರಾಬಾದಿನಲ್ಲಿ ನಿಯಾನ್ ಬೋರ್ಡ್ ಮಾಡುವವರ ಹತ್ತಿರ ನಾಲ್ಕು ವರ್ಷ ದುಡಿದಿದ್ದೇನೆ. ಗಾಜಿನ ಕೊಳವೆಯನ್ನು ಬರ್ನರ್ ಉರಿಯಲ್ಲಿ ಮೆತ್ತಗೆ ಮಾಡಿ ಅಕ್ಷರದ ಆಕಾರಕ್ಕೆ ಬಗ್ಗಿಸೋದು, ಪಂಪ್ ಹಚ್ಚಿ ಒಳಗಿನ ಗಾಳಿ ಎಳೆಯೋದು, ಸ್ವಲ್ಪವೇ ಸ್ವಲ್ಪ ನಿಯಾನ್ ಅನಿಲ ಬಿಟ್ಟು ಬಾಯಿ ಮುಚ್ಚೋದು. ಆಮೇಲೆ 15 ಸಾವಿರ ವೋಲ್ಟಿನ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ಕೆಂಪಗೆ ಉರಿಯುತ್ತದೆ. ನನ್ನ ಬೆರಳ ಮೇಲೆ ಇನ್ನೂ ಎರಡು ಸುಟ್ಟ ಕಲೆ ಇವೆ.

ಅರೋರಾ ಅಂದರೆ ಹೆಚ್ಚುಕಡಿಮೆ ಅದೇ ಕಸುಬು, ಆಕಾಶದಲ್ಲಿ. ಗಾಜಿಲ್ಲ, ಅಷ್ಟೇ.

ಮೊದಲ ರಾತ್ರಿ ಹಚ್ಚಿದಾಗ ಮನೆಯವರೆಲ್ಲ ಖುಷಿಪಟ್ಟರು. ನಮ್ಮದು ಅರ್ಧ ಹಳೇ ಮನೆ, ಅರ್ಧ ಹೊಸದು. ಹೊಸ ರೂಮಿನ ಬಿಳಿ ಸ್ಲ್ಯಾಬ್ ಮೇಲೆ ನೀಲಿ, ಹಸಿರು, ನೇರಳೆ ಹೊಗೆ ತೇಲಿದ ಹಾಗೆ ಚೆಂದ ಕಂಡಿತು. ಹಳೇ ಪಡಸಾಲೆಗೆ ಒಯ್ದು ಹಚ್ಚಿದರೆ ಏನೂ ಇಲ್ಲ, ಅಲ್ಲಿ ಮೇಲೆ ಶಹಾಬಾದ್ ಕಲ್ಲಿನ ಚಪ್ಪಡಿ, ಆ ಬೂದು ಕಲ್ಲು ಎಲ್ಲಾ ಬಣ್ಣ ಕುಡಿದುಬಿಡುತ್ತದೆ, ನೀಲಿಯಂತೂ ಕಾಣೋದೇ ಇಲ್ಲ. ಕಲ್ಲಿನ ಮಾಳಿಗೆ ಇದ್ದವರು ಸುಣ್ಣ ಹೊಡೆಸದೆ ಇದನ್ನು ಕೊಳ್ಳಬೇಡಿ. ಅವ್ವ ಬಂದು ನೋಡಿ, "ಶರಣಬಸಪ್ಪನ ಜಾತ್ರ್ಯಾಗಿನ ಲೈಟ್ ಇದ್ದಂಗ ಅದ" ಅಂದಳು. ತಪ್ಪೇನಿಲ್ಲ ನೋಡಿ ಆ ಮಾತು.

ತಕರಾರು ತೆಗೆದದ್ದು ಮಗಳು. ದೀಪ ಬಣ್ಣದ ಹೊಗೆಯ ನಡುವೆ ನೂರಾರು ಹಸಿರು ಚುಕ್ಕಿ ಹೊಡೆಯುತ್ತದೆ, ನಕ್ಷತ್ರ ಅಂತೆ. "ಅಪ್ಪಾ, ಹಸರ ನಕ್ಷತ್ರ ಎಲ್ಲಿರ್ತಾವ?" ಅಂದಳು. ಎಲ್ಲೂ ಇಲ್ಲ. ಕೆಂಪು, ಹಳದಿ, ಬಿಳಿ, ನೀಲಿ ನಕ್ಷತ್ರ ಕಾಣುತ್ತವೆ, ಹಸಿರು ನಕ್ಷತ್ರ ನಮ್ಮ ಕಣ್ಣಿಗೆ ಕಾಣಲ್ಲ. ಈ ಚುಕ್ಕಿ ಹೊಡೆಯೋದು ಒಳಗಿನ ಹಸಿರು ಲೇಸರ್, ಅದಕ್ಕೆ ನಕ್ಷತ್ರವೂ ಹಸಿರು.

ಮಾರನೇ ದಿನ ಹಳೇ ಸಿಡಿ ಒಂದನ್ನು ಹುಡುಕಿದೆ. ಸಿಡಿ ಮೇಲಿನ ಸಣ್ಣ ಗೆರೆಗಳು ಬೆಳಕನ್ನು ಬಣ್ಣ ಬಣ್ಣ ಬಿಡಿಸುತ್ತವೆ, ಗೊತ್ತಲ್ವಾ. ಕಪ್ಪು ಚಾರ್ಟಿನಲ್ಲಿ ಬ್ಲೇಡಿನಿಂದ ಒಂದು ಸೀಳು ಮಾಡಿ, ಲೇಸರ್ ಆಫ್ ಮಾಡಿ, ಬರೀ ಬಣ್ಣದ ಬೆಳಕನ್ನು ಆ ಸೀಳಿನಿಂದ ಸಿಡಿ ಮೇಲೆ ಬಿಟ್ಟೆವು. ನೀಲಿ ಒಂದು ಅಗಲ ಪಟ್ಟಿ, ಹಸಿರು ಒಂದು ಅಗಲ ಪಟ್ಟಿ, ಬಣ್ಣ ಬಳಿದ ಹಾಗೆ. ಎಲ್‌ಇಡಿ ಹಾಗೇ, ಅದು ಗಟ್ಟಿ ಹರಳಿನ ಬೆಳಕು. ಲೇಸರನ್ನು ಮಾತ್ರ ಸಿಡಿ ಮೇಲೆ ನೇರ ಬಿಡಬೇಡಿ, ತಿರುಗಿ ಕಣ್ಣಿಗೆ ಹೊಡೆದರೆ ಕಣ್ಣು ಹೋಗುತ್ತದೆ. ಗೋಡೆ ಮೇಲೆ ಬಿದ್ದ ಚುಕ್ಕಿಯನ್ನು ದೂರದಿಂದ ಸಿಡಿಯಲ್ಲಿ ನೋಡಿದೆವು. ಒಂದೇ ಬಣ್ಣ, ಅತ್ತಿತ್ತ ಏನೂ ಇಲ್ಲ. ತಳದ ಸ್ಟಿಕರಿನಲ್ಲಿ 532 ಅಂತ ಬರೆದಿದೆ, ಅಂದರೆ 532 ನ್ಯಾನೊಮೀಟರ್, ಬೆಳಕಿನ ಅಲೆಯ ಉದ್ದ, ಯಾವ ಬಣ್ಣ ಅಂತ ಹೇಳುವ ಅಳತೆ.

ನಿಜವಾದ ಅರೋರಾದ ಹಸಿರನ್ನು ಹೀಗೆ ಬಿಡಿಸಿದರೂ ಒಂದೇ ತೆಳು ಗೆರೆ. ಆದರೆ ಅದು 557.7 ನ್ಯಾನೊಮೀಟರ್. ಇದಕ್ಕಿಂತ ಸ್ವಲ್ಪ ಹಳದಿ ಕಡೆ ವಾಲಿದ, ಎಳೇ ಭತ್ತದ ಹಸಿರು. ಲ್ಯಾಂಪಿನದು ಗಿಳಿ ಹಸಿರಿಗಿಂತಲೂ ಗಾಢ. ಇಷ್ಟಕ್ಕೆಲ್ಲ ಸ್ಟಾರ್ ಕಡಿಮೆ ಮಾಡೋದಾ ಅಂತ ಕೇಳಬೇಡಿ, ನಾನು ಕಡಿಮೆ ಮಾಡಿದ್ದು ಇದಕ್ಕಲ್ಲ. ಆ 557.7ರ ಕಥೆ ಮಾತ್ರ ಹೇಳಲೇಬೇಕು, ಯಾಕಂದರೆ ನಾಲ್ಕು ವರ್ಷ ಕೊಳವೆ ತುಂಬಿದವನಿಗೂ ಅದು ಗೊತ್ತಿರಲಿಲ್ಲ.

ನಮ್ಮ ಕಸುಬಿನಲ್ಲಿ ಕೊಳವೆಗೆ ಎಲ್ಲೋ ಕೂದಲೆಳೆಯಷ್ಟು ಬಿರುಕು ಬಿಟ್ಟು ಗಾಳಿ ಹೊಕ್ಕಿದರೆ ಕೂಡಲೇ ಗೊತ್ತಾಗುತ್ತದೆ. ಕೆಂಪು ಹೋಗಿ ಒಂಥರಾ ಗುಲಾಬಿ-ನೇರಳೆ ಬಣ್ಣ ಬರುತ್ತದೆ. ಉಸ್ತಾದರು ದೂರದಿಂದಲೇ ನೋಡಿ "ಹವಾ ಹೋಗ್ಯಾದ, ತೆಗಿ" ಅನ್ನುತ್ತಿದ್ದರು. ಅದು ಗಾಳಿಯಲ್ಲಿನ ನೈಟ್ರೋಜನ್ ಬಣ್ಣ. ಗಾಳಿಯಲ್ಲಿ ಐದರಲ್ಲಿ ಒಂದು ಪಾಲು ಆಕ್ಸಿಜನ್ನೂ ಇದೆಯಲ್ಲ, ಆದರೂ ಗಾಳಿ ಹೊಕ್ಕ ಕೊಳವೆ ಒಮ್ಮೆಯೂ ಅರೋರಾ ಥರ ಹಸಿರಾಗಿದ್ದನ್ನು ನಾನು ನೋಡಿಲ್ಲ. ಹಾಗಾದರೆ ಧ್ರುವದ ಆಕಾಶದಲ್ಲಿ ಇದೇ ಗಾಳಿ ಹಸಿರಾಗೋದು ಹೇಗೆ?

ಈ ಪ್ರಶ್ನೆ ನನಗಿಂತ ಮೊದಲು ದೊಡ್ಡ ದೊಡ್ಡವರನ್ನು ಕಾಡಿದೆ. ಸ್ವೀಡನ್ನಿನ ವಿಜ್ಞಾನಿ ಆಂಗ್‌ಸ್ಟ್ರಾಂ 1860ರ ದಶಕದಲ್ಲೇ ಆ ಹಸಿರು ಗೆರೆಯನ್ನು ಅಳೆದ. ಅದು ಯಾವ ಅನಿಲದ್ದು ಅಂತ ಯಾರಿಗೂ ಗೊತ್ತಾಗಲಿಲ್ಲ, ಲ್ಯಾಬಿನಲ್ಲಿ ಯಾವ ಅನಿಲ ಉರಿಸಿದರೂ ಆ ಗೆರೆ ಸಿಗುತ್ತಿರಲಿಲ್ಲ. ಖಂಡಗಳು ಸರಿಯುತ್ತವೆ ಅಂದ ವೆಗೆನರ್ ಇದ್ದನಲ್ಲ, ಅವನು 1911ರಲ್ಲಿ ಇದು ಗಾಳಿಯ ಮೇಲ್ಪದರದಲ್ಲಿ ಮಾತ್ರ ಇರುವ ಹೊಸ ಅನಿಲ ಇರಬೇಕು ಅಂದು ಅದಕ್ಕೆ ಜಿಯೋಕರೋನಿಯಂ ಅಂತ ಹೆಸರೂ ಇಟ್ಟ! ಕೊನೆಗೆ 1925ರಲ್ಲಿ ಕೆನಡಾದ ಟೊರಾಂಟೊದಲ್ಲಿ ಮೆಕ್ಲೆನನ್ ಮತ್ತು ಶ್ರಮ್ ಅನ್ನೋ ಇಬ್ಬರು ಕೊಳವೆಯಲ್ಲಿ ಆಕ್ಸಿಜನ್ ಜೊತೆ ಹೀಲಿಯಂ ಬೆರೆಸಿ ಅದೇ ಹಸಿರು ಗೆರೆ ತೆಗೆದು ತೋರಿಸಿದರು. ಹೊಸ ಅನಿಲ ಏನೂ ಅಲ್ಲ, ನಾವು ಉಸಿರಾಡುವ ಆಕ್ಸಿಜನ್ನೇ. ಜೋಡಿ ಬಿಟ್ಟು ಒಂಟಿಯಾದ ಆಕ್ಸಿಜನ್ ಪರಮಾಣು, ಅಷ್ಟೇ.

ಗುಟ್ಟು ಇರೋದು ಸಮಯದಲ್ಲಿ. ನಿಯಾನ್ ಪರಮಾಣುವಿಗೆ ಎಲೆಕ್ಟ್ರಾನ್ ಬಂದು ಬಡಿದರೆ ಅದು ಕಣ್ಣು ಮಿಟುಕಿಸುವುದರೊಳಗೆ, ಒಂದು ಸೆಕೆಂಡಿನ ಕೋಟಿ ಪಾಲಿನ ಲೆಕ್ಕದಲ್ಲಿ, ಬೆಳಕು ಕಕ್ಕಿ ತಣ್ಣಗಾಗುತ್ತದೆ. ಆಕ್ಸಿಜನ್ನಿನ ಆ ಹಸಿರಿಗೆ ಮುಕ್ಕಾಲು ಸೆಕೆಂಡು ಬೇಕು. ಪರಮಾಣುವಿನ ಲೋಕದಲ್ಲಿ ಅದು ಯುಗ. ಅಷ್ಟರಲ್ಲಿ ನಮ್ಮ ಕೊಳವೆಯೊಳಗಿನ ಪರಮಾಣು ಪಕ್ಕದವನಿಗೋ ಗಾಜಿಗೋ ಸಾವಿರಾರು ಸಲ ಡಿಕ್ಕಿ ಹೊಡೆದು, ಸಿಕ್ಕ ಶಕ್ತಿಯನ್ನು ಅಲ್ಲೇ ಕಳೆದುಕೊಂಡಿರುತ್ತದೆ, ಬೆಳಕು ಬರೋಕೆ ಏನೂ ಉಳಿದಿರಲ್ಲ. ನೂರು ಕಿಲೋಮೀಟರ್ ಮೇಲೆ ಗಾಳಿಯ ಒತ್ತಡ ಇಲ್ಲಿನದರ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ ಕಡಿಮೆ. ಅಲ್ಲಿ ಪರಮಾಣುವಿಗೆ ಪುರಸೊತ್ತಿದೆ. ನಮ್ಮ ಪಂಪ್ ಎಷ್ಟು ಎಳೆದರೂ ಅಷ್ಟು ಪುರಸೊತ್ತು ಕೊಡುತ್ತಿರಲಿಲ್ಲ.

ಕೆಂಪಿನದು ಇನ್ನೂ ಸೋಮಾರಿ ಲೆಕ್ಕ. ಅದೇ ಆಕ್ಸಿಜನ್, 630 ನ್ಯಾನೊಮೀಟರಿನ ಕೆಂಪು ಬೆಳಕು ಬಿಡೋಕೆ ಸುಮಾರು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ನೂರು ಕಿಲೋಮೀಟರ್ ಎತ್ತರದಲ್ಲೂ ಎರಡು ನಿಮಿಷ ಯಾರಿಗೂ ತಾಗದೆ ಇರೋದು ಕಷ್ಟ. ಅದಕ್ಕೇ ಕೆಂಪು ಬರೋದು 200 ಕಿಲೋಮೀಟರ್ ಮೇಲೆ, ಗಾಳಿ ಇನ್ನೂ ತೆಳು ಇರುವ ಕಡೆ. ಹಸಿರು 100ರಿಂದ 150ರ ನಡುವೆ. ಎಲೆಕ್ಟ್ರಾನ್‌ಗಳು ತುಂಬ ಜೋರಾಗಿ ಬಂದು 100ಕ್ಕಿಂತ ಕೆಳಗೂ ಇಳಿದರೆ ಅಂಚಿನಲ್ಲಿ ಗುಲಾಬಿ-ನೇರಳೆ ಸೆರಗು ಕಾಣುತ್ತದೆ. ಉಸ್ತಾದರು ತೆಗಿ ಅನ್ನುತ್ತಿದ್ದರಲ್ಲ, ಅದೇ ನೈಟ್ರೋಜನ್. ಅರೋರಾ ಫೋಟೊದಲ್ಲಿ ಆ ಸೆರಗು ನೋಡಿದಾಗ ನನಗೆ ಲೀಕ್ ಆದ ಕೊಳವೆಯೇ ನೆನಪಾಗುತ್ತದೆ, ಏನು ಮಾಡೋದು.

ಅಂದರೆ ಅಸಲಿ ಅರೋರಾಕ್ಕೆ ಸೀರೆಯ ಹಾಗೆ ಮೇಲು ಕೆಳಗು ಇದೆ. ಮೇಲೆ ಕೆಂಪು, ನಡುವೆ ಹಸಿರು, ಕೆಳಗೆ ಗುಲಾಬಿ ಅಂಚು. ಈ ಲ್ಯಾಂಪಿನಲ್ಲಿ ಯಾವ ಬಣ್ಣ ಎಲ್ಲಿ ಬೇಕಾದರೂ ಬರುತ್ತದೆ, ಕೆಂಪು ಕೆಳಗೆ, ನೀಲಿ ಮೇಲೆ, ಎಲ್ಲಾ ಕಲಸುಮೇಲೋಗರ. ಮೊದಲ ಸ್ಟಾರ್ ಹೋದದ್ದು ಇಲ್ಲಿ. ಇನ್ನೊಂದು ನೋಡಿ, ಹಸಿರು ಮುಕ್ಕಾಲು ಸೆಕೆಂಡಿನದು, ಅದಕ್ಕೇ ಅದು ಕುಣಿಯಬಲ್ಲದು. ಕೆಂಪು ಎರಡು ನಿಮಿಷದ್ದು, ಅದು ಮಸುಕಾಗಿ ನಿಧಾನ ಬದಲಾಗುತ್ತದೆ. ಲ್ಯಾಂಪಿನಲ್ಲಿ ಒಂದೇ ಮೋಟರು, ಎರಡೂ ಒಂದೇ ವೇಗದಲ್ಲಿ ಗರಗರ ಸುತ್ತುತ್ತವೆ. ಎಲ್‌ಇಡಿ ಮೂರಿದ್ದಾವಲ್ಲ, ಇನ್ನೊಂದು ಸಣ್ಣ ಮೋಟರ್ ಹಾಕಿದ್ದರೆ ಇವರ ಗಂಟೇನು ಹೋಗುತ್ತಿತ್ತು?

ಆಕಾರವೂ ಅಷ್ಟೇ. ಇದು ಹೊಗೆ, ಮೋಡ, ಸುರುಳಿ ತೋರಿಸುತ್ತದೆ. ಅಸಲಿ ಅರೋರಾ ಪರದೆ ಇಳಿಬಿಟ್ಟ ಹಾಗೆ, ಅಗಲ ಕಡಿಮೆ, ಉದ್ದ ನೂರಾರು ಕಿಲೋಮೀಟರ್, ಅದರೊಳಗೆ ನೆಟ್ಟಗೆ ನಿಂತ ಗೆರೆಗಳು. ಆ ಗೆರೆ ಯಾಕೆ ನೆಟ್ಟಗೆ ಅಂದರೆ ಎಲೆಕ್ಟ್ರಾನ್‌ಗಳು ಭೂಮಿಯ ಆಯಸ್ಕಾಂತದ ಗೆರೆ ಹಿಡಿದು ಜಾರಿ ಬರುತ್ತವೆ. ಬಾವಿಗೆ ಹಗ್ಗ ಹಿಡಿದು ಇಳಿದ ಹಾಗೆ. ಧ್ರುವದ ಹತ್ತಿರ ಆ ಹಗ್ಗ ನೆಟ್ಟಗೆ ಕೆಳಗಿಳಿಯುತ್ತದೆ, ನಮ್ಮ ಕಡೆ ಹೆಚ್ಚು ಅಡ್ಡ ಮಲಗಿದೆ. ಕೇರಳದ ತುಂಬಾದಲ್ಲಿ 1963ರ ನವೆಂಬರ್ 21ರಂದು ದೇಶದ ಮೊದಲ ರಾಕೆಟ್ ಹಾರಿಸಿದರಲ್ಲ, ಆ ಜಾಗ ಆರಿಸಿದ್ದೇ ಅಲ್ಲಿ ಆಯಸ್ಕಾಂತದ ಸಮಭಾಜಕ ಹಾದುಹೋಗುತ್ತದೆ ಅಂತ, ಅಲ್ಲಿ ಹಗ್ಗ ಪೂರ್ತಿ ನೆಲಕ್ಕೆ ಸಮ. ಅಡ್ಡ ಕಟ್ಟಿದ ಹಗ್ಗ ಹಿಡಿದು ಬಾವಿಗೆ ಇಳಿಯೋಕಾಗುತ್ತಾ? ಕಲಬುರಗಿಯಲ್ಲಿ ಅರೋರಾ ಕಾಣದಿರೋದಕ್ಕೆ ಕಾರಣ ಇದು. ಚಳಿ ಇಲ್ಲ, ಹಿಮ ಇಲ್ಲ ಅಂತಲ್ಲ. ಚಳಿಗೂ ಇದಕ್ಕೂ ಸಂಬಂಧವೇ ಇಲ್ಲ.

ಇದನ್ನೂ ಒಬ್ಬ ಕೊಳವೆ ಕಸುಬಿನವನ ಥರವೇ ತೋರಿಸಿದ್ದು ನಾರ್ವೆಯ ಕ್ರಿಸ್ಟಿಯಾನ್ ಬಿರ್ಕೆಲಾಂಡ್, ನೂರು ವರ್ಷಕ್ಕೂ ಹಿಂದೆ. ಗಾಳಿ ಎಳೆದ ಗಾಜಿನ ಪೆಟ್ಟಿಗೆಯೊಳಗೆ ಒಂದು ಲೋಹದ ಗುಂಡು, ಗುಂಡಿನೊಳಗೆ ವಿದ್ಯುತ್ ಆಯಸ್ಕಾಂತ, ಹೊರಗಿನಿಂದ ಎಲೆಕ್ಟ್ರಾನ್ ಹೊಡೆತ. ಗುಂಡಿನ ಎರಡೂ ತುದಿಯ ಸುತ್ತ ಬೆಳಕಿನ ಬಳೆ ಮೂಡಿತು. ನಾರ್ವೆಯವರು ಅವನ ಮುಖವನ್ನು ತಮ್ಮ 200 ಕ್ರೋನ್ ನೋಟಿನ ಮೇಲೆ ಹಾಕಿದ್ದರು. ವ್ಯಾಕ್ಯೂಮ್ ಪಂಪ್ ಹಿಡಿದವನ ಮುಖ ನೋಟಿನ ಮೇಲೆ, ಯೋಚನೆ ಮಾಡಿ.

ಡಬ್ಬಿಯಲ್ಲಿ ಒಂದು ಚೀಟಿಯೂ ಇತ್ತು, 'ಸೂರ್ಯನ ಕಣಗಳು ಬಂದು ಗಾಳಿಗೆ ಬಡಿದಾಗ ಅರೋರಾ' ಅಂತ ಒಂದೇ ಸಾಲು. ಪೂರ್ತಿ ಸುಳ್ಳಲ್ಲ, ಆದರೆ ನಡುವಿನ ದೊಡ್ಡ ತುಂಡೇ ಬಿಟ್ಟಿದ್ದಾರೆ. ಆ ಕಣಗಳ ಹರಿವು, ಅಂದರೆ ಸೂರ್ಯನ ಗಾಳಿ, ಸೆಕೆಂಡಿಗೆ ಸುಮಾರು 400 ಕಿಲೋಮೀಟರ್ ವೇಗದಲ್ಲಿ ಹೊರಟು, 15 ಕೋಟಿ ಕಿಲೋಮೀಟರ್ ದಾಟಿ ನಾಲ್ಕು ದಿನಕ್ಕೆ ಇಲ್ಲಿಗೆ ಬರುತ್ತದೆ. ಬಂದದ್ದು ಬಹುಪಾಲು ಒಳಗೆ ನುಗ್ಗಲ್ಲ, ಭೂಮಿಯ ಆಯಸ್ಕಾಂತ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಆದರೆ ಹೋಗುವಾಗ ಅದು ಆಯಸ್ಕಾಂತದ ಗೆರೆಗಳನ್ನು ರಾತ್ರಿ ಕಡೆಗೆ ಬಾಲದ ಹಾಗೆ, ಚಂದ್ರನಾಚೆಗೂ, ಎಳೆದುಕೊಂಡು ಹೋಗುತ್ತದೆ. ರಬ್ಬರ್ ಬ್ಯಾಂಡ್ ಎಳೆದ ಹಾಗೆ. ಎಳೆದು ಎಳೆದು ಒಂದು ಸಲ ಹರಿದು ಮತ್ತೆ ಕೂಡಿಕೊಂಡಾಗ ಆ ಶಕ್ತಿ ಭೂಮಿ ಕಡೆ ಚಿಮ್ಮುತ್ತದೆ. ದಾರಿಯಲ್ಲಿ ಎಲೆಕ್ಟ್ರಾನ್‌ಗಳಿಗೆ ಸಾವಿರಾರು ವೋಲ್ಟಿನ ತಳ್ಳು ಸಿಗುತ್ತದೆ, ಹೆಚ್ಚುಕಡಿಮೆ ನಮ್ಮ ನಿಯಾನ್ ಟ್ರಾನ್ಸ್‌ಫಾರ್ಮರಿನ ವೋಲ್ಟೇಜೇ. ಇದನ್ನು ಓದಿದ ದಿನ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಟ್ರಾನ್ಸ್‌ಫಾರ್ಮರ್ ಮೇಲಿನ ಧೂಳು ಒರೆಸಿದೆ, ಸುಮ್ನೆ.

ಲ್ಯಾಂಪಿನ ಪರವಾಗಿ ಒಂದು ಮಾತು. ಬೆಳಕಿನಲ್ಲಿ ಇದು ಅಸಲಿಗಿಂತ ಜೋರು. ಮಂದ ಅರೋರಾ ಬರಿಗಣ್ಣಿಗೆ ಬೂದು ಮೋಡದ ಹಾಗೆ ಕಾಣುತ್ತದೆ, ಕತ್ತಲಲ್ಲಿ ನಮ್ಮ ಕಣ್ಣು ಬಣ್ಣ ಹಿಡಿಯಲ್ಲ. ಫೋಟೊದಲ್ಲಿ ಅಷ್ಟು ಬಣ್ಣ ಬರೋದು ಕ್ಯಾಮೆರಾ ಸೆಕೆಂಡುಗಟ್ಟಲೆ ಕಣ್ಣು ತೆರೆದು ಕೂರುತ್ತದೆ ಅಂತ. ದುಡ್ಡು ಸುರಿದು ಹೋದವರು "ಮೊಬೈಲಿನಲ್ಲೇ ಚೆಂದ ಕಂಡಿತು" ಅಂದರೆ ಅವರು ಸುಳ್ಳು ಹೇಳುತ್ತಿಲ್ಲ. ಇನ್ನು ಹಾನ್ಲೆಯಲ್ಲಿ ಬರೀ ಕೆಂಪು ಕಂಡದ್ದು ಯಾಕೆ ಅಂತ ಈಗ ನೀವೇ ಹೇಳಬಲ್ಲಿರಿ. ಕೆಂಪು ತುಂಬ ಎತ್ತರದ್ದು, ಎತ್ತರದ ಬೆಳಕು ದೂರದ ಊರಿಗೂ ಕಾಣುತ್ತದೆ.

ಎರಡನೇ ಸ್ಟಾರ್ ಹೋದದ್ದು ಮಾಲಿನ ಗುಣಕ್ಕೆ. ಅಡಾಪ್ಟರ್ ಡಬ್ಬಿಯಲ್ಲಿಲ್ಲ, ಬರೀ ವೈರ್ ಕೊಟ್ಟಿದ್ದಾರೆ. ಬ್ಯಾಟರಿ ಇಲ್ಲ, ಕರೆಂಟ್ ಹೋದರೆ ಅರೋರಾನೂ ಹೋಯಿತು. ಒಳಗಿನ ಸಣ್ಣ ಫ್ಯಾನ್ ರಾತ್ರಿಯೆಲ್ಲ ಜೀರುಂಡೆ ಥರ ಕೂಗುತ್ತದೆ. ಹನ್ನೆರಡನೇ ದಿನಕ್ಕೆ ಬಣ್ಣದ ತಟ್ಟೆ ತಿರುಗೋದೇ ನಿಂತಿತು. ಅಂಗಡಿಗೆ ಒಯ್ದರೆ "ನಾ ಮೊದಲೇ ಹೇಳಿದ್ನಲ್ರಿ" ಅಂತ ನಕ್ಕ. ಮನೆಗೆ ತಂದು ನಾಲ್ಕು ಸ್ಕ್ರೂ ಬಿಚ್ಚಿ ನೋಡಿದೆ. ನಮ್ಮ ಮೇ ತಿಂಗಳ ಸೆಕೆಗೆ ಗೇರಿನ ಗ್ರೀಸ್ ಕರಗಿ ಕೆಳಗಿಳಿದು, ಧೂಳು ಹಿಡಿದು ಅಂಟಾಗಿತ್ತು. ಒರೆಸಿ ಎರಡು ಹನಿ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟೆ, ಈಗ ಓಡುತ್ತಿದೆ. ಲೇಸರಿನ ವೈರನ್ನು ಅದೇ ಹೊತ್ತಿಗೆ ಕಿತ್ತುಬಿಟ್ಟೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಆ ಗಾಜಿನ ಕಣ್ಣು ನೆಲದ ಮೇಲೆ ಇರುತ್ತದೆ, ಮಗು ಬಗ್ಗಿ ನೋಡದೆ ಇರುತ್ತಾ?

ಕರೆಂಟ್ ಹೋದ ಒಂದು ರಾತ್ರಿ ಮಾಳಿಗೆ ಮೇಲೆ ಚಾಪೆ ಹಾಸಿ ಮಲಗಿದ್ದೆವು. ಮಗಳಿಗೆ ಆ 557.7ರ ಇನ್ನೊಂದು ವಿಷಯ ಹೇಳಿದೆ. ಹಗಲು ಬಿಸಿಲು ಒಡೆದ ಆಕ್ಸಿಜನ್ ಜೋಡಿಗಳು ರಾತ್ರಿ ಮತ್ತೆ ಕೂಡಿಕೊಳ್ಳುವಾಗ, ಸುಮಾರು 95 ಕಿಲೋಮೀಟರ್ ಎತ್ತರದಲ್ಲಿ ಅದೇ ಹಸಿರು ಬೆಳಕು ಬರುತ್ತದೆ. ಧ್ರುವದಲ್ಲಿ ಅಷ್ಟೇ ಅಲ್ಲ, ಎಲ್ಲಾ ಊರಿನ ಮೇಲೂ, ದಿನಾ ರಾತ್ರಿ. ತುಂಬಾ ಮಂದ, ಕಣ್ಣಿಗೆ ಕಾಣಲ್ಲ. ಅಂತರಿಕ್ಷ ನಿಲ್ದಾಣದಿಂದ ತೆಗೆದ ಫೋಟೊಗಳಲ್ಲಿ ಭೂಮಿಯ ಅಂಚಿಗೆ ತೆಳು ಹಸಿರು ಗೆರೆ ಇರುತ್ತದಲ್ಲ, ಅದೇ ಇದು.

"ಅಂದ್ರ ಈಗ ನಮ್ಮ ಮ್ಯಾಲೂ ಅದ?"

"ಅದ."

ಮೊಬೈಲನ್ನು ನೀರಿನ ಟ್ಯಾಂಕಿನ ಮೇಲೆ ಆನಿಸಿ ಮೂವತ್ತು ಸೆಕೆಂಡಿನ ಫೋಟೊ ತೆಗೆದಳು. ಅಷ್ಟರಲ್ಲಿ ಕರೆಂಟ್ ಬಂತು. ಫೋಟೊ ತುಂಬ ಬೀದಿ ದೀಪದ ಬೆಳಕು, ಒಂದು ಮೂಲೆಯಲ್ಲಿ ಪಕ್ಕದ ಮನೆಯವರ ಒಣಹಾಕಿದ ಚಾದರ. ಮಳೆಗಾಲ ಕಳೆದ ಮೇಲೆ ಊರಾಚೆ ಹೊಲಕ್ಕೆ ಹೋಗಿ ಇನ್ನೊಮ್ಮೆ ತೆಗೆಯಬೇಕಂತೆ.

ಲ್ಯಾಂಪ್ ಈಗ ಪಡಸಾಲೆಯಲ್ಲಿದೆ. ಅವ್ವ ಅದನ್ನು ಕೆಂಪಿಗೆ ಇಟ್ಟು, ಸುತ್ತೋದು ನಿಲ್ಲಿಸಿ, ರಾತ್ರಿ ಎದ್ದಾಗ ಬಚ್ಚಲಿನ ದಾರಿ ಕಾಣಲಿ ಅಂತ ಹಚ್ಚಿಕೊಂಡು ಮಲಗುತ್ತಾಳೆ. ಕಲ್ಲಿನ ಚಪ್ಪಡಿ ಆದ್ದರಿಂದ ಕಣ್ಣಿಗೂ ಹೊಡೆಯಲ್ಲ. ರಿಮೋಟಿನ ಸೆಲ್ ಮಾತ್ರ ತಿಂಗಳಿಗೇ ಖಾಲಿಯಾಯಿತು, ಹೊಸದಕ್ಕೆ ಮೂವತ್ತು ರೂಪಾಯಿ.